ರಕ್ತದ ಹಾದಿಯನ್ನು ಕಂಡ ಮಾಲ್ಪಿಗಿ

ರಕ್ತವು ಗುಂಡಿಗೆಯಿಂದ ಹೊರಟು ಮರಳಿ ಗುಂಡಿಗೆಯನ್ನೇ ಸೇರುವುದೆಂದು ಸಾರಿದ ಇಂಗ್ಲೆಂಡಿನ ವಿಲಿಯಂ ಹಾರ್ವೆಯ ಗ್ರಂಥ ಅಚ್ಚಾದುದು 1628ರಲ್ಲಿ. ಅದೇ ವರ್ಷ ಇಟಲಿಯ ಬೊಲೋನ್ಯ ನಗರದ ಸಮೀಪದ ಕ್ರೆವಾಲ್ಕೋರೆಯಲ್ಲಿ ಮಾರ್ಚೆಲ್ಲೊ ಮಾಲ್ಪಿಗಿ ಜನಿಸಿದನು. ಹಾರ್ವೆಯ ವಾದದಲ್ಲಿ ಒಂದು ಕೊಂಡಿ ಕಳಚಿತ್ತು. ಅಪಧಮನಿಯ ರಕ್ತ ಅಭಿಧಮನಿಗೆ ದಾಟುವ ಹಾದಿಯನ್ನು ಅವನು ಊಹಿಸಿದ್ದನೇ ಹೊರತು ಕಂಡಿರಲಿಲ್ಲ.

1653ರಲ್ಲಿ ಬೊಲೋನ್ಯದ ವೈದ್ಯಪದವಿ ಪಡೆದ ಮಾಲ್ಪಿಗಿ, ಪೀಸಾದಲ್ಲಿ ಕೆಲಕಾಲ ಅಧ್ಯಾಪಕನಾಗಿದ್ದು ಗಣಿತಜ್ಞ ಬೊರೆಲ್ಲಿಯ ಸ್ನೇಹ ಗಳಿಸಿದನು. ಊರಿಗೆ ಮರಳಿದ ಮೇಲೆ ಕಪ್ಪೆಯ ಪುಪ್ಪುಸವನ್ನು ಸೂಕ್ಷ್ಮದರ್ಶಕದಡಿ ಇಟ್ಟು ನೋಡಿದನು. ರಕ್ತ ಅಂಗದೊಳಗೆ ಎಲ್ಲೆಂದರಲ್ಲಿ ಚೆಲ್ಲಿ ಹರಿಯುತ್ತಿರಲಿಲ್ಲ. ಕೂದಲಿಗಿಂತಲೂ ಸಣ್ಣ ನಾಳಗಳ ಬಲೆಯೊಳಗೆ ಸಾಗುತ್ತಿತ್ತು. ನಾವು ಲೋಮನಾಳಗಳೆನ್ನುವುದು ಇವನ್ನೇ. 1661ರಲ್ಲಿ, ಬೊರೆಲ್ಲಿಗೆ ಬರೆದ ಎರಡು ಪತ್ರಗಳ ರೂಪದಲ್ಲಿ ಈ ಸಂಗತಿ ಪ್ರಕಟವಾಯಿತು. ಹಾರ್ವೆ ತೀರಿಕೊಂಡು ಆಗಲೇ ನಾಲ್ಕು ವರ್ಷ ಸಂದಿದ್ದವು.

ಈ ನಾಳಗಳು ಹುಟ್ಟುವುದು ಹೇಗೆ? ಕಾವಿಗಿಟ್ಟ ಕೋಳಿಮೊಟ್ಟೆಗಳನ್ನು ಹೊತ್ತುಹೊತ್ತಿಗೆ ಒಡೆದು, ಹಳದಿಯ ಮೇಲೆ ರಕ್ತನಾಳಗಳು ಹೆಣೆದುಕೊಳ್ಳುವುದನ್ನೂ ಗುಂಡಿಗೆ ರೂಪುಗೊಳ್ಳುವುದನ್ನೂ ಚಿತ್ರಿಸಿ ಲಂಡನ್ನಿನ ರಾಯಲ್ ಸೊಸೈಟಿಗೆ ಕಳುಹಿಸಿದನು. ಅದು 1673ರಲ್ಲಿ ಅಚ್ಚಾಯಿತು. ಮರಿಯ ಆಕಾರ ಮೊಟ್ಟೆಯಲ್ಲಿ ಮೊದಲೇ ಅಡಗಿರುವುದೆಂಬ ಕಡೆಗೇ ಅವನ ಒಲವಿತ್ತು. ಅಡಗಿರುವುದು ಆಕಾರವಲ್ಲ, ಅದನ್ನು ಕಟ್ಟುವ ಕಟ್ಟಳೆ ಎಂಬುದು ಬಹಳ ತಡವಾಗಿ ತಿಳಿಯಿತು. ನಾಳಗಳ ಬೆಳವಣಿಗೆಯನ್ನು ಪ್ರಚೋದಿಸುವ ಒಂದು ಜೀನಿನ ಎರಡು ಪ್ರತಿಗಳಲ್ಲಿ ಒಂದು ಇಲ್ಲವಾದರೂ ಇಲಿಯ ಭ್ರೂಣ ಗರ್ಭದಲ್ಲೇ ಸಾಯುವುದೆಂದು 1996ರಲ್ಲಿ ಗೊತ್ತಾಯಿತು.

ಲಂಡನ್ನಿನಲ್ಲಿ ಮನ್ನಣೆ ಪಡೆದವನಿಗೆ ಊರಿನಲ್ಲಿ ಹಗೆಗಳಿಗೆ ಕೊರತೆಯಿರಲಿಲ್ಲ. 1684ರಲ್ಲಿ ಮನೆಗೆ ಬೆಂಕಿ ಬಿದ್ದು ಹಸ್ತಪ್ರತಿಗಳೂ ಸೂಕ್ಷ್ಮದರ್ಶಕಗಳೂ ಸುಟ್ಟುಹೋದುವು. ಇಂಥ ಸೂಕ್ಷ್ಮ ಶೋಧನೆಯಿಂದ ರೋಗಿಗೆ ಫಲವೇನೂ ಇಲ್ಲವೆಂದು 1689ರಲ್ಲಿ ಸ್ಬರಾಲ್ಯ ಎಂಬ ವೈದ್ಯನು ಪುಸ್ತಕವನ್ನೇ ಬರೆದನು. ನ್ಯಾಯವಾಗಿ ಹೇಳುವುದಾದರೆ ಈ ಆಕ್ಷೇಪ ಪೂರ್ತಿ ಸುಳ್ಳಲ್ಲ. ಲೋಮನಾಳವನ್ನು ಕಂಡವನಿಗೂ ಒಡೆದ ನಾಳವನ್ನು ಕೂಡಿಸುವ ಉಪಾಯ ತಿಳಿದಿರಲಿಲ್ಲ.

1691ರಲ್ಲಿ ಅವನು ಪೋಪ್ ಹನ್ನೆರಡನೆಯ ಇನ್ನೊಸೆಂಟನ ವೈದ್ಯನಾಗಿ ರೋಮಿಗೆ ಹೋದನು. 1694ರ ನವೆಂಬರ್ 29ರಂದು ಅಲ್ಲಿಯೇ ಕಾಲವಾದನು. ಶವವನ್ನು ಸೀಳಿ ಪರೀಕ್ಷಿಸಿದ ವೈದ್ಯ ಬಾಲ್ಯೀವಿಗೆ ಕಂಡುದು, ಮಿದುಳಿನೊಳಗೆ ಚೆಲ್ಲಿ ಹೆಪ್ಪುಗಟ್ಟಿ ಕಪ್ಪಾಗಿದ್ದ ರಕ್ತ.