ಆಕ್ಟೇನ್ ಅಂಕಿಯ ಹಿಂದಿನ ಮನುಷ್ಯ: ಥಾಮಸ್ ಮಿಡ್ಜ್ಲಿ

ಬಂಕಿನಲ್ಲಿ ಸಾದಾ ಪೆಟ್ರೋಲಾ, ಪ್ರೀಮಿಯಮ್ಮಾ ಅಂತ ಕೇಳಿದಾಗ ನಮ್ಮಲ್ಲಿ ಎಷ್ಟೋ ಜನ ಒಂದು ಕ್ಷಣ ತಬ್ಬಿಬ್ಬಾಗ್ತೀವಿ. ಜಾಸ್ತಿ ದುಡ್ಡು ಕೊಟ್ರೆ ಗಾಡಿಗೆ ಜಾಸ್ತಿ ಪವರ್ ಬರುತ್ತೆ ಅಂತ ನಂಬಿದವರೂ ನಮ್ಮ ನಡುವೆ ಇದ್ದಾರೆ. ಈ 91, 95 ಎಂಬ ಅಂಕಿಗಳ ಕಥೆ ಗೊತ್ತಾಗಬೇಕಾದರೆ ನೂರು ವರ್ಷ ಹಿಂದೆ ಹೋಗಿ ಥಾಮಸ್ ಮಿಡ್ಜ್ಲಿ ಎಂಬ ಮೆಕ್ಯಾನಿಕಲ್ ಎಂಜಿನಿಯರರನ್ನು ಭೇಟಿಯಾಗಬೇಕು.

ಮಿಡ್ಜ್ಲಿ ಹುಟ್ಟಿದ್ದು 1889ರ ಮೇ 18ರಂದು, ಅಮೆರಿಕದ ಪೆನ್ಸಿಲ್ವೇನಿಯಾದ ಬೀವರ್ ಫಾಲ್ಸ್‌ನಲ್ಲಿ. 1911ರಲ್ಲಿ ಕಾರ್ನೆಲ್ ವಿಶ್ವವಿದ್ಯಾಲಯದಿಂದ ಪದವಿ ಪಡೆದರು. 1916ರಲ್ಲಿ ಓಹಾಯೊದ ಡೇಟನ್‌ನಲ್ಲಿ ಚಾರ್ಲ್ಸ್ ಕೆಟರಿಂಗ್ ಅವರ ಪ್ರಯೋಗಾಲಯ ಸೇರಿದರು. ಕಾರಿಗೆ ಸೆಲ್ಫ್ ಸ್ಟಾರ್ಟರ್ ತಂದ ಕೆಟರಿಂಗ್ ಇವರೇ. ಅವರು ಮಿಡ್ಜ್ಲಿಗೆ ಒಪ್ಪಿಸಿದ ಕೆಲಸ, ಎಂಜಿನ್ನಿನ ನಾಕಿಂಗ್ ನಿಲ್ಲಿಸೋದು.

ನಾಕಿಂಗ್ ನಮಗೆಲ್ಲ ಗೊತ್ತು. ಏರು ಹತ್ತುವಾಗ ಎಂಜಿನ್ ಒಳಗಿಂದ ಟಕ ಟಕ ಅನ್ನುತ್ತಲ್ಲ, ಅದೇ. ಸ್ಪಾರ್ಕ್ ಪ್ಲಗ್ಗಿನಿಂದ ಹೊರಟ ಜ್ವಾಲೆ ಸಿಲಿಂಡರಿನ ಕೊನೆ ಮುಟ್ಟುವ ಮೊದಲೇ, ಅಲ್ಲಿ ಉಳಿದಿರುವ ಮಿಶ್ರಣ ಒತ್ತಡ ಮತ್ತು ಶಾಖ ತಾಳಲಾರದೆ ತಾನೇ ಹೊತ್ತಿಕೊಂಡುಬಿಡುತ್ತೆ. ಕಂಪ್ರೆಷನ್ ರೇಶಿಯೊ ಏರಿಸಿದರೆ ದಕ್ಷತೆ ಹೆಚ್ಚುತ್ತೆ ಅಂತ ಆಗಲೂ ಗೊತ್ತಿತ್ತು, ಆದರೆ ಅಂದಿನ ಪೆಟ್ರೋಲ್ ಅದಕ್ಕೆ ಬಿಡುತ್ತಿರಲಿಲ್ಲ.

ಹುಡುಕಾಟ ಶುರುವಾದದ್ದೇ ಒಂದು ತಪ್ಪು ಊಹೆಯಿಂದ. ಇಂಧನಕ್ಕೆ ಕೆಂಪು ಬಣ್ಣ ಬೆರೆಸಿದರೆ ಅದು ಶಾಖ ಹೀರಿ ಬೇಗ ಆವಿಯಾಗಬಹುದು ಅಂದುಕೊಂಡರು. ಕೈಗೆ ಕೆಂಪು ಬಣ್ಣ ಸಿಗದೆ ಅಯೋಡಿನ್ ಹಾಕಿದರು. ನಾಕಿಂಗ್ ನಿಂತೇಹೋಯ್ತು! ಆಮೇಲೆ ಬೇರೆ ಕೆಂಪು ಬಣ್ಣಗಳನ್ನು ಹಾಕಿ ನೋಡಿದರೆ ಏನೂ ಆಗಲಿಲ್ಲ. ಕೆಲಸ ಮಾಡಿದ್ದು ಬಣ್ಣವಲ್ಲ, ರಾಸಾಯನಿಕ ಗುಣ ಅಂತ ಆಗ ತಿಳೀತು. ಅಯೋಡಿನ್ ದುಬಾರಿ. ಸೆಲೆನಿಯಂ, ಟೆಲ್ಲೂರಿಯಂ ಸಂಯುಕ್ತಗಳು ಕೆಲಸವೇನೋ ಮಾಡಿದವು, ಆದರೆ ಆ ನಾತ ಮೈಗೆ ಹತ್ತಿದರೆ ಬಿಡುತ್ತಿರಲಿಲ್ಲ. ಕೊನೆಗೆ ಆವರ್ತಕ ಕೋಷ್ಟಕವನ್ನೇ ಹಿಡಿದು ಒಂದೊಂದೇ ಧಾತು ಜಾಲಾಡಿದರು. 1921ರ ಡಿಸೆಂಬರ್ 9ರಂದು ಟೆಟ್ರಾಈಥೈಲ್ ಲೆಡ್, ಅಂದರೆ ಸೀಸದ ಸಂಯುಕ್ತ, ಗೆದ್ದಿತು. ಪೆಟ್ರೋಲಿನಲ್ಲಿ ಸಾವಿರಕ್ಕೆ ಒಂದು ಪಾಲಿಗಿಂತ ಕಡಿಮೆ ಸಾಕಾಗುತ್ತಿತ್ತು.

ಇಲ್ಲೇ ಕಥೆ ತಿರುಗೋದು. ಎಥನಾಲ್ ಕೂಡ ನಾಕಿಂಗ್ ತಡೆಯುತ್ತೆ ಅಂತ ಮಿಡ್ಜ್ಲಿಗೆ ಚೆನ್ನಾಗಿ ಗೊತ್ತಿತ್ತು. ಆದರೆ ಅದನ್ನು ಹೆಚ್ಚು ಪ್ರಮಾಣದಲ್ಲಿ ಬೆರೆಸಬೇಕು, ಯಾರು ಬೇಕಾದರೂ ತಯಾರಿಸಬಹುದು. ಸೀಸದ ಸಂಯುಕ್ತವಾದರೆ ಚಿಟಿಕೆಯಷ್ಟು ಸಾಕು, ಪೇಟೆಂಟೂ ಕೈಯಲ್ಲಿರುತ್ತೆ. ಸೀಸ ವಿಷ ಅಂತ ಆಗಲೇ ಎಲ್ಲರಿಗೂ ತಿಳಿದಿತ್ತು. ಆದರೂ 1923ರ ಫೆಬ್ರವರಿಯಲ್ಲಿ ಡೇಟನ್‌ನಲ್ಲೇ ಮಾರಾಟ ಶುರುವಾಯ್ತು, ಸೀಸದ ಸುಳಿವೇ ಇಲ್ಲದ ಎಥಿಲ್ ಎಂಬ ಹೆಸರಿನಲ್ಲಿ. ಅದೇ ವರ್ಷದ ಆರಂಭದಲ್ಲಿ ಸ್ವತಃ ಮಿಡ್ಜ್ಲಿ ಸೀಸದ ವಿಷದಿಂದ ಬಳಲಿ ಫ್ಲೋರಿಡಾಗೆ ವಿಶ್ರಾಂತಿಗೆ ಹೋಗಬೇಕಾಯ್ತು.

1924ರ ಅಕ್ಟೋಬರ್‌ನಲ್ಲಿ ನ್ಯೂಜೆರ್ಸಿಯ ಬೇವೇ ಘಟಕದಲ್ಲಿ ಈ ವಿಷ ತಗುಲಿ ಐವರು ಕಾರ್ಮಿಕರು ಸತ್ತರು. ಮಿಡ್ಜ್ಲಿ ಪತ್ರಕರ್ತರನ್ನು ಕರೆದು, ಅವರೆದುರೇ ಆ ದ್ರವವನ್ನು ಕೈಗೆ ಸುರಿದುಕೊಂಡು, ಒಂದು ನಿಮಿಷ ಮೂಸಿ, ಏನೂ ಆಗಲ್ಲ ಎಂದು ತೋರಿಸಿದರು. ತನಗೇ ಆಗಿದ್ದು ಗೊತ್ತಿದ್ದೂ ಹೀಗೆ ಮಾಡಿದ್ದನ್ನು ನಾವು ಹೇಗೆ ಕ್ಷಮಿಸೋದು?

ಆಕ್ಟೇನ್ ಅಂಕಿ ಹುಟ್ಟಿದ್ದೂ ಈ ಕಾಲದಲ್ಲೇ. ಎಥಿಲ್ ಕಂಪನಿಯ ಗ್ರಹಾಂ ಎಡ್ಗರ್ 1926ರಲ್ಲಿ ಒಂದು ಅಳತೆಗೋಲು ಕೊಟ್ಟರು. ಬೇಗ ನಾಕ್ ಆಗುವ ಹೆಪ್ಟೇನ್‌ಗೆ ಸೊನ್ನೆ, ಚೆನ್ನಾಗಿ ತಾಳುವ ಐಸೊಆಕ್ಟೇನ್‌ಗೆ 100. ಹಾಗಾಗಿ ಆಕ್ಟೇನ್ ಅಂಕಿ ಹೇಳೋದು ಪೆಟ್ರೋಲಿನ ತಾಳಿಕೆಯನ್ನು ಮಾತ್ರ, ಅದರಲ್ಲಿರುವ ಶಕ್ತಿಯನ್ನಲ್ಲ.

ಮಿಡ್ಜ್ಲಿ ಅಲ್ಲಿಗೇ ನಿಲ್ಲಲಿಲ್ಲ. ಫ್ರಿಜ್ಜಿಗೆ ಫ್ರಿಯಾನ್ ಅನಿಲ ಕೊಟ್ಟವರೂ ಅವರೇ. ಮುಂದೆ ಆ ಬಗೆಯ ಅನಿಲಗಳು ಓಜೋನ್ ಪದರವನ್ನೇ ಕೊರೆಯುತ್ತವೆ ಅಂತ ಗೊತ್ತಾಯ್ತು. 1941ರಲ್ಲಿ ಅಮೆರಿಕದ ರಸಾಯನಶಾಸ್ತ್ರದ ದೊಡ್ಡ ಗೌರವವಾದ ಪ್ರೀಸ್ಟ್ಲಿ ಪದಕ ಬಂತು. ಅಷ್ಟರಲ್ಲಿ ಪೋಲಿಯೊ ತಗುಲಿ ಕಾಲುಗಳು ಸೋತಿದ್ದವು. ಹಾಸಿಗೆಯಿಂದ ಏಳಲು ಹಗ್ಗ, ರಾಟೆಗಳ ಒಂದು ಸಾಧನವನ್ನು ತಾವೇ ಮಾಡಿಕೊಂಡರು. 1944ರ ನವೆಂಬರ್ 2ರಂದು ಅದೇ ಹಗ್ಗಗಳು ಕೊರಳಿಗೆ ಬಿಗಿದು ಪ್ರಾಣ ಹೋಯ್ತು. ಆಗ ಅವರಿಗೆ 55 ವರ್ಷ.

ಸೀಸ ಮಾತ್ರ ಬದುಕಿತ್ತು. ಭಾರತದ ಬಂಕುಗಳಿಂದ ಅದು ಪೂರ್ತಿ ಹೋಗಿದ್ದು 2000ದಲ್ಲಿ. ಜಗತ್ತಿನಲ್ಲಿ ಕೊನೆಯದಾಗಿ ಕಾರುಗಳಿಗೆ ಅದನ್ನು ಮಾರುತ್ತಿದ್ದ ಅಲ್ಜೀರಿಯಾ ನಿಲ್ಲಿಸಿದ್ದು 2021ರಲ್ಲಿ. ಅಂದು ಬದಿಗಿಟ್ಟ ಎಥನಾಲ್ ಈಗ ನಮ್ಮ ಪೆಟ್ರೋಲಿಗೇ ಬಂದಿದೆ. ಶೇ. 20 ಎಥನಾಲ್ ಬೆರೆಸಿದ ಪೆಟ್ರೋಲಿಗೆ 2023ರ ಫೆಬ್ರವರಿಯಲ್ಲಿ ಚಾಲನೆ ಸಿಕ್ಕಿದ್ದು ನಮ್ಮ ಬೆಂಗಳೂರಿನಲ್ಲೇ.

ಮುಂದಿನ ಸಲ ಬಂಕಿಗೆ ಹೋದಾಗ ಗಾಡಿಯ ಮ್ಯಾನುಯಲ್ ಏನು ಹೇಳುತ್ತೋ ಅದನ್ನೇ ಹಾಕಿಸೋಣ. 91 ಸಾಕು ಅಂದಿದ್ದರೆ 91 ಸಾಕು. ಹೆಚ್ಚು ಕಂಪ್ರೆಷನ್ ಅಥವಾ ಟರ್ಬೊ ಇರುವ ಎಂಜಿನ್ 95 ಕೇಳಿದರೆ ಅಲ್ಲಿ ಜಿಪುಣತನ ಬೇಡ. ನಾಳೆ ಎಂಜಿನಿಯರುಗಳಾಗುವ ನಾವು ಇನ್ನೊಂದು ಮಾತು ನೆನಪಿಟ್ಟುಕೊಳ್ಳೋಣ. ಸಮಸ್ಯೆ ಬಗೆಹರಿಯಿತು ಅಂತ ಕೈತೊಳೆದುಕೊಳ್ಳುವ ಮೊದಲು, ಸೈಲೆನ್ಸರಿನಿಂದ ಹೊರಗೆ ಹೋಗ್ತಿರೋದು ಏನು ಅಂತಾನೂ ನೋಡಬೇಕು.