ಹ್ಯಾನ್ಸನ್ ಬದುಕಿನ ಎರಡು ಪಾಠಗಳು

ಕಲಬುರಗಿ ಜಿಲ್ಲೆಯ ಆಳಂದ, ಅಫಜಲಪುರ ಮತ್ತು ಜೇವರ್ಗಿ ಸೀಮೆಯ ಬಡವರಿಗೆ ಕೈಗಳೇ ಆಸ್ತಿ. ತೊಗರಿ ಕೊಯ್ಯುವ, ರೊಟ್ಟಿ ತಟ್ಟುವ ಆ ಕೈಗಳ ನರವನ್ನು ಕುಷ್ಠರೋಗ ಕೊಂದರೆ ಕಾದ ಹಂಚು ಮುಟ್ಟಿದರೂ ನೋವು ತಿಳಿಯದು. ನರದ ಆಸರೆ ತಪ್ಪಿದ ಸ್ನಾಯು ಸೊರಗಿ ಬೆರಳು ಕೊಕ್ಕೆಯಂತೆ ಬಾಗುತ್ತದೆ, ಪಾದ ಜೋಲುತ್ತದೆ. ರೆಪ್ಪೆ ಮುಚ್ಚಲಾಗದ ಕಣ್ಣು ದೃಷ್ಟಿ ಕಳೆದುಕೊಳ್ಳಬಹುದು. ಬೆವರ ಗ್ರಂಥಿಗಳು ಸ್ತಬ್ಧಗೊಂಡು ಚರ್ಮ ಬಿರಿಯುತ್ತದೆ. ಇದನ್ನು ಪೂರ್ವಜನ್ಮದ ಪಾಪವೆಂದು ಭಾವಿಸುವವರನ್ನು ಕಂಡಾಗಲೆಲ್ಲ ನನಗೆ ನಾರ್ವೆಯ ಗೆರಾರ್ಡ್ ಆರ್ಮೌರ್ ಹ್ಯಾನ್ಸನ್ ನೆನಪಾಗುತ್ತಾರೆ.

ಹ್ಯಾನ್ಸನ್ 1841ರಲ್ಲಿ ಬರ್ಗನ್ ನಗರದಲ್ಲಿ ಜನಿಸಿದರು. ಅಂದು ಆ ದೇಶದ ಪಶ್ಚಿಮ ಕರಾವಳಿಯ ರೈತರು ಮತ್ತು ಮೀನುಗಾರರಲ್ಲಿ ಕುಷ್ಠರೋಗ ವ್ಯಾಪಕವಾಗಿತ್ತು. ಅದು ವಂಶಪಾರಂಪರ್ಯವೆಂಬುದು ಪ್ರಖ್ಯಾತ ವೈದ್ಯ ಡೇನಿಯಲ್‌ಸನ್ನರ ನಿಲುವು. ಅವರ ಕೈಕೆಳಗೆ ದುಡಿದು, ಅವರ ಅಳಿಯನೂ ಆದ ಹ್ಯಾನ್ಸನ್ ಆ ನಿಲುವನ್ನು ಒಪ್ಪಲಿಲ್ಲ. 1873ರಲ್ಲಿ ಅವರು ರೋಗಿಯ ಗಂಟಿನ ಅಂಗಾಂಶದಲ್ಲಿ ಕಡ್ಡಿಯಾಕಾರದ ಸೂಕ್ಷ್ಮಜೀವಿಗಳನ್ನು ಕಂಡರು. ದೀರ್ಘಕಾಲದ ಮನುಷ್ಯರೋಗವೊಂದಕ್ಕೆ ಬ್ಯಾಕ್ಟೀರಿಯಾ ಕಾರಣವೆಂದು ತೋರಿಸಿದ ಮೊದಲ ಶೋಧಗಳಲ್ಲಿ ಇದೂ ಒಂದು.

ಆದರೆ ಆ ಜೀವಿಯನ್ನು ಗಾಜಿನ ತಟ್ಟೆಯಲ್ಲಿ ಬೆಳೆಸಲು ಅವರಿಗೆ ಸಾಧ್ಯವಾಗಲಿಲ್ಲ. ಇಂದಿಗೂ ಅದು ಯಾರಿಗೂ ಸಾಧ್ಯವಾಗಿಲ್ಲ. ಪುರಾವೆಯ ಹಂಬಲದಲ್ಲಿ ಅವರು 1879ರಲ್ಲಿ ದೊಡ್ಡ ತಪ್ಪೆಸಗಿದರು. ನರಗಳನ್ನು ಬಾಧಿಸುವ ಬಗೆಯ ಕುಷ್ಠವಿದ್ದ ಕಾರಿ ನೀಲ್ಸ್‌ಡಾಟರ್ ಎಂಬ ಮಹಿಳೆಯ ಕಣ್ಣಿಗೆ, ಒಪ್ಪಿಗೆ ಕೇಳದೆಯೇ, ಮತ್ತೊಬ್ಬ ರೋಗಿಯ ಗಂಟಿನ ದ್ರವ್ಯವನ್ನು ಚುಚ್ಚಿದರು. ಆಕೆ ದೂರಿದಳು. 1880ರಲ್ಲಿ ಬರ್ಗನ್ ನ್ಯಾಯಾಲಯ ಹ್ಯಾನ್ಸನ್ನರನ್ನು ಆಸ್ಪತ್ರೆಯ ವೈದ್ಯ ಹುದ್ದೆಯಿಂದ ವಜಾಗೊಳಿಸಿತು. ಸ್ಪರ್ಶಜ್ಞಾನ ಕುಂದಿದ ದೇಹವೂ ಒಬ್ಬ ವ್ಯಕ್ತಿಯದೇ ಎಂಬುದನ್ನು ಆ ತೀರ್ಪು ಎತ್ತಿಹಿಡಿಯಿತು.

ರಾಷ್ಟ್ರದ ಮುಖ್ಯ ಕುಷ್ಠರೋಗ ಅಧಿಕಾರಿಯಾಗಿ ಮಾತ್ರ ಅವರು 1912ರಲ್ಲಿ ನಿಧನರಾಗುವವರೆಗೂ ದುಡಿದರು. ರೋಗಿಗಳನ್ನು ಪ್ರತ್ಯೇಕವಾಗಿರಿಸುವ 1877 ಮತ್ತು 1885ರ ಕಾನೂನುಗಳ ಹಿಂದೆ ಅವರ ಪ್ರಭಾವವಿತ್ತು. ಮದ್ದಿಲ್ಲದ ಆ ಕಾಲದಲ್ಲಿ ಬೇರೆ ದಾರಿ ಕಾಣದಿದ್ದಿರಬಹುದು. ಇಂದು ಆ ನೆಪವಿಲ್ಲ. ವಿಶ್ವ ಆರೋಗ್ಯ ಸಂಸ್ಥೆ ಎಂಬತ್ತರ ದಶಕದ ಆರಂಭದಲ್ಲಿ ಶಿಫಾರಸು ಮಾಡಿದ ಬಹುಔಷಧ ಚಿಕಿತ್ಸೆ ಸರ್ಕಾರಿ ಆಸ್ಪತ್ರೆಗಳಲ್ಲಿ ಉಚಿತವಾಗಿ ದೊರೆಯುತ್ತದೆ; ಆರರಿಂದ ಹನ್ನೆರಡು ತಿಂಗಳಲ್ಲಿ ರೋಗ ಗುಣವಾಗುತ್ತದೆ. ನರದ ಶಕ್ತಿ ಕುಂದಿ ಆರು ತಿಂಗಳಾಗುವುದರೊಳಗೆ ಸ್ಟೀರಾಯ್ಡ್ ಚಿಕಿತ್ಸೆ ಆರಂಭಿಸಿದರೆ ಅನೇಕರಲ್ಲಿ ಅದು ಮರಳುತ್ತದೆ. ತಡವಾದರೆ ರೋಗಾಣು ಸತ್ತರೂ ಸತ್ತ ನರ ಚೇತರಿಸಿಕೊಳ್ಳುವುದು ದುರ್ಲಭ.

ಹೀಗಿದ್ದರೂ ಜನ ತಡಮಾಡುವುದೇಕೆ? ಊರಿನ ಭಯದಿಂದ. 1898ರ ಕುಷ್ಠರೋಗಿಗಳ ಕಾಯ್ದೆಯನ್ನು ನಮ್ಮ ಸಂಸತ್ತು ರದ್ದುಪಡಿಸಿದ್ದು 2016ರಲ್ಲಿ. ಈ ರೋಗವನ್ನು ವಿಚ್ಛೇದನದ ಕಾರಣಗಳ ಪಟ್ಟಿಯಿಂದ ಕೈಬಿಟ್ಟಿದ್ದು 2019ರಲ್ಲಿ. ಕಾನೂನೇ ಇಷ್ಟು ತಡವಾಗಿ ಬದಲಾದಾಗ ಮಚ್ಚೆ ಮರೆಮಾಚುವ ಕೂಲಿಕಾರಳನ್ನು ದೂರುವುದು ನ್ಯಾಯವಲ್ಲ. ಜೋಮು ಹಿಡಿದ ಮಚ್ಚೆಯನ್ನು ಹುಡುಕಿ ಮನೆಬಾಗಿಲಿಗೆ ಬರುವ ಆರೋಗ್ಯ ಕಾರ್ಯಕರ್ತರು ಹ್ಯಾನ್ಸನ್ನರ ಎರಡೂ ಪಾಠಗಳನ್ನು ಅರಿತಿರಬೇಕು: ರೋಗ ಪಾಪದ ಫಲವಲ್ಲ, ಮುಟ್ಟುವ ಮುನ್ನ ಒಪ್ಪಿಗೆ ಕೇಳಬೇಕು.