ಬೆಳ್ಳಿ ಕ್ಲಿಪ್‌ನ ವೈದ್ಯ ವಾಲ್ಟರ್ ಡ್ಯಾಂಡಿ

ಮೆದುಳಿನ ರಕ್ತನಾಳದ ಗೋಡೆ ಎಲ್ಲಾದರೂ ದುರ್ಬಲವಾದರೆ, ಸವೆದ ಸೈಕಲ್ ಟ್ಯೂಬಿನಂತೆ ಅಲ್ಲಿ ಒಂದು ಗುಳ್ಳೆ ಉಬ್ಬಿಕೊಳ್ಳುತ್ತದೆ. ಇದೇ ಅನ್ಯೂರಿಸಂ. ಒಡೆದರೆ ಜೀವಕ್ಕೇ ಅಪಾಯ. ಈ ಗುಳ್ಳೆಯ ಬುಡಕ್ಕೇ ಕ್ಲಿಪ್ ಹಾಕಿ ಮುಚ್ಚಬಹುದು ಎಂದು ಮೊದಲು ಮಾಡಿ ತೋರಿಸಿದವರು ಅಮೆರಿಕದ ವಾಲ್ಟರ್ ಡ್ಯಾಂಡಿ.

ಡ್ಯಾಂಡಿ ಹುಟ್ಟಿದ್ದು 1886ರಲ್ಲಿ, ಮಿಸೌರಿ ರಾಜ್ಯದ ಸೆಡೇಲಿಯಾದಲ್ಲಿ. ಹೆತ್ತವರು ನಮ್ಮ ಹಾಗೆಯೇ ಊರು ಬಿಟ್ಟು ಬಂದವರು. ತಂದೆಗೆ ರೈಲ್ವೆ ನೌಕರಿ. ಮಗ ಬಾಲ್ಟಿಮೋರಿನ ಜಾನ್ಸ್ ಹಾಪ್ಕಿನ್ಸ್‌ನಲ್ಲಿ ಓದಿ 1910ರಲ್ಲಿ ಡಾಕ್ಟರ್ ಆದರು. ಅಲ್ಲಿ ಅವರ ಗುರು, ನರಶಸ್ತ್ರಚಿಕಿತ್ಸೆಯ ದಿಗ್ಗಜ ಹಾರ್ವೆ ಕುಶಿಂಗ್. ಇಬ್ಬರಿಗೂ ಹೊಂದಿಕೆಯಾಗಲಿಲ್ಲ. 1912ರಲ್ಲಿ ಬಾಸ್ಟನ್‌ಗೆ ಹೊರಟ ಕುಶಿಂಗ್ ಶಿಷ್ಯನನ್ನು ಜೊತೆಗೆ ಕರೆದೊಯ್ಯಲಿಲ್ಲ. ಮೇಲಧಿಕಾರಿಯ ಮುನಿಸಿಗೆ ಸಿಕ್ಕಿ ನಡುನೀರಿನಲ್ಲಿ ನಿಂತ ಅನುಭವ ನಮ್ಮಲ್ಲಿ ಅನೇಕರಿಗೆ ಹೊಸದಲ್ಲ.

ಡ್ಯಾಂಡಿ ಹಾಪ್ಕಿನ್ಸ್‌ನಲ್ಲೇ ಉಳಿದು ಬೆಳೆದರು. ಮಿದುಳಿನಲ್ಲಿ ನೀರು ತುಂಬುವ ಕಾಯಿಲೆಯ ಕಾರಣ ಹುಡುಕಿದರು. ಸ್ಕ್ಯಾನ್ ಇಲ್ಲದ ಕಾಲವದು. 1918ರಲ್ಲಿ ಮೆದುಳಿನೊಳಗಿನ ಕುಹರಗಳಿಗೆ ಗಾಳಿ ತುಂಬಿ ಎಕ್ಸ್‌ರೇ ತೆಗೆಯುವ ವಿಧಾನ ಕಂಡುಹಿಡಿದರು. ಗಡ್ಡೆ ಎಲ್ಲಿದೆ ಎಂದು ತಿಳಿಯಲು ಅದು ದೊಡ್ಡ ಸಹಾಯವಾಯಿತು. 1923ರಲ್ಲಿ ಶಸ್ತ್ರಚಿಕಿತ್ಸೆಯಾದವರನ್ನು ನೋಡಿಕೊಳ್ಳಲು ಮೂರು ಹಾಸಿಗೆಗಳ ಪ್ರತ್ಯೇಕ ಕೊಠಡಿ ಮಾಡಿಸಿದರು. ಇಂದಿನ ಐಸಿಯುಗೆ ಅದೇ ನಾಂದಿ ಎನ್ನುತ್ತಾರೆ. ಕೈ ಚುರುಕು, ಕೋಪವೂ ಅಷ್ಟೇ ಚುರುಕು.

ಅನ್ಯೂರಿಸಂಗೆ ಅಲ್ಲಿಯವರೆಗೆ ಕುತ್ತಿಗೆಯಲ್ಲೇ ರಕ್ತನಾಳ ಕಟ್ಟುತ್ತಿದ್ದರು. ಅದರಿಂದ ಮೆದುಳಿಗೆ ರಕ್ತವೇ ಕಡಿಮೆಯಾಗಿ ಪಾರ್ಶ್ವವಾಯು ಹೊಡೆಯುವ ಭಯ. 1937ರ ಮಾರ್ಚ್ 23ರಂದು ಡ್ಯಾಂಡಿ ಮುಂದೆ ಇದ್ದದ್ದು 43 ವರ್ಷದ ರೋಗಿ. ಗುಳ್ಳೆ ನರವನ್ನು ಒತ್ತಿ ಒಂದು ಕಣ್ಣಿನ ರೆಪ್ಪೆ ಜೋತುಬಿದ್ದಿತ್ತು. ಡ್ಯಾಂಡಿ ತಲೆಬುರುಡೆ ತೆರೆದು, ದೊಡ್ಡ ರಕ್ತನಾಳ ಹರಿಯುತ್ತಿರುವಂತೆಯೇ ಬಿಟ್ಟು, ಗುಳ್ಳೆಯ ಕತ್ತಿಗೆ ಮಾತ್ರ ಪುಟ್ಟ ಬೆಳ್ಳಿ ಕ್ಲಿಪ್ ಹಾಕಿದರು. ರೋಗಿ ಗುಣವಾಗಿ ಮನೆಗೆ ಹೋದ. ವಿಚಿತ್ರವೆಂದರೆ, ಆ ಬಗೆಯ ಬೆಳ್ಳಿ ಕ್ಲಿಪ್ ಅನ್ನು ರಕ್ತಸ್ರಾವ ತಡೆಯಲೆಂದು 1911ರಲ್ಲಿ ಪರಿಚಯಿಸಿದ್ದವರು ಅದೇ ಕುಶಿಂಗ್! ಮುನಿಸು ಏನೇ ಇರಲಿ, ಗುರುವಿನ ಉಪಕರಣ ಶಿಷ್ಯನ ಕೈಯಲ್ಲಿ ಹೊಸ ಕೆಲಸ ಮಾಡಿತು.

1944ರಲ್ಲಿ ಅನ್ಯೂರಿಸಂ ಬಗ್ಗೆಯೇ ಪುಸ್ತಕ ಬರೆದ ಡ್ಯಾಂಡಿ, 1946ರ ಏಪ್ರಿಲ್‌ನಲ್ಲಿ ತಮ್ಮ 60ನೇ ವಯಸ್ಸಿನಲ್ಲಿ ಹೃದಯಾಘಾತದಿಂದ ತೀರಿಕೊಂಡರು. ಆಪರೇಷನ್ ಥಿಯೇಟರಿನ ಮೈಕ್ರೋಸ್ಕೋಪ್ ಅವರು ನೋಡಲಿಲ್ಲ. 1960ರ ದಶಕದಲ್ಲಿ ಜ್ಯೂರಿಕ್‌ನ ಯಾಸರ್ಗಿಲ್ ಮುಂತಾದವರು ಅದನ್ನು ಬಳಕೆಗೆ ತಂದ ಮೇಲೆ ಈ ಶಸ್ತ್ರಚಿಕಿತ್ಸೆ ಎಷ್ಟೋ ಸುರಕ್ಷಿತವಾಯಿತು. ಈಗ ತೊಡೆಯ ರಕ್ತನಾಳದ ಮೂಲಕ ಸುರುಳಿ ತಂತಿ ಕಳಿಸಿ ಗುಳ್ಳೆ ತುಂಬುವ ವಿಧಾನವೂ ಇದೆ. ಆದರೂ ನಮ್ಮ ಬೆಂಗಳೂರಿನ ನಿಮ್ಹಾನ್ಸ್ ಸೇರಿದಂತೆ ದೊಡ್ಡ ಆಸ್ಪತ್ರೆಗಳಲ್ಲಿ ಕ್ಲಿಪ್ ಹಾಕುವುದು ನಿಂತಿಲ್ಲ.

ಪರಊರಿನ ರೂಮಿನಲ್ಲಿ ಒಬ್ಬರೇ ಇರುವವರು ಇಷ್ಟು ನೆನಪಿಡಿ: ಹಿಂದೆಂದೂ ಬಾರದಂಥ ತಲೆನೋವು ಸಿಡಿಲಿನಂತೆ ಒಮ್ಮೆಲೇ ಬಂದರೆ ಮಾತ್ರೆ ನುಂಗಿ ಮಲಗಬೇಡಿ. ಪಕ್ಕದವರನ್ನು ಎಬ್ಬಿಸಿ, ಕೂಡಲೇ ಆಸ್ಪತ್ರೆಗೆ ಹೋಗಿ.